ನಂದಿ ರಸ್ತೆಯನ್ನು ಭಾನುವಾರ ಬೆಳಗ್ಗೆ ಸೈಕಲ್‌ಗೆ ಮಾತ್ರ ಬಿಡಬೇಕೆ?

ದೇವನಹಳ್ಳಿ ದಾಟಿದ ಮೇಲೆ ನಂದಿಬೆಟ್ಟದ ಕಡೆ ತಿರುಗುವ ರಸ್ತೆಯನ್ನು ಪ್ರತಿ ಭಾನುವಾರ ಬೆಳಗ್ಗೆ 5ರಿಂದ 9ರವರೆಗೆ ಕಾರು, ಬೈಕ್‌ಗಳಿಗೆ ಮುಚ್ಚಿ ಸೈಕಲ್‌ನವರಿಗೆ ಬಿಟ್ಟರೆ ಹೇಗೆ? ಇದು ನಾವು ಕೇಳಿದ ಪ್ರಶ್ನೆ. ಒಬ್ಬರು ಯಲಹಂಕದಿಂದ, ಇನ್ನೊಬ್ಬರು ಬೆಟ್ಟದ ಬುಡದ ಹಳ್ಳಿಯಿಂದ ಬರೆದಿದ್ದಾರೆ.

ಪರ: ವಾರಕ್ಕೆ ನಾಲ್ಕೇ ಗಂಟೆ

‘ನೀವು ಸೈಕಲ್ ಹೊಡೀತೀರಲ್ಲ ಸಾರ್, ಪರ ನೀವೇ ಬರೆದುಕೊಡಿ’ ಎಂದು ಫೋನ್ ಬಂತು. ಹೊಡೆಯುತ್ತಿದ್ದೆ ಅನ್ನುವುದು ಸರಿ. 2020ರ ಲಾಕ್‌ಡೌನ್‌ನಲ್ಲಿ ಎಲ್ಲರ ಹಾಗೆ ನಾನೂ ಒಂದು ಸೈಕಲ್ ಕೊಂಡೆ. ಈಗ ಅದು ಬಾಲ್ಕನಿಯಲ್ಲಿದೆ. ಹ್ಯಾಂಡಲ್ ಮೇಲೆ ಟವೆಲ್ ಒಣಗುತ್ತದೆ. ಆದರೂ ಒಪ್ಪಿಕೊಂಡಾಗಿದೆ, ಬರೆಯುತ್ತೇನೆ.

ಮೊದಲು ಲೆಕ್ಕ ನೋಡೋಣ. ವಾರಕ್ಕೆ 168 ಗಂಟೆ. ಕೇಳುತ್ತಿರುವುದು ನಾಲ್ಕು. ಉಳಿದ 164 ಗಂಟೆ ರಸ್ತೆ ಗಾಡಿಗಳದ್ದೇ. ಅದೂ ಭಾನುವಾರ, ಅದೂ ಬೆಳಗಿನ ಜಾವ. ನಾಲ್ಕು ಗಂಟೆಗೂ ಜಗಳವಾ?

ನಂದಿಯೇ ಯಾಕೆ ಅಂತ ಕೇಳಬಹುದು. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 900 ಮೀಟರ್ ಮೇಲೆ ಹೆಚ್ಚುಕಡಿಮೆ ಸಮತಟ್ಟಾಗಿ ಕೂತಿರುವ ಊರು. ಬೆಟ್ಟದ ತುದಿ 1,478 ಮೀಟರ್. ಒಂದೇ ಸಮ ಏಳೆಂಟು ಕಿಲೋಮೀಟರ್ ಏರು ಸಿಗುವ ಜಾಗ ನಗರದ ಹತ್ತಿರ ಬೇರೆ ಹುಡುಕುವುದು ಕಷ್ಟ. ಅದೇ ಹೊತ್ತಿಗೆ ಸೂರ್ಯೋದಯ ನೋಡುವವರೂ ಕತ್ತಲಲ್ಲೇ ಕಾರು ಹತ್ತಿ ಬರುತ್ತಾರೆ. ತಡವಾದರೆ ಸೂರ್ಯ ಕಾಯುವುದಿಲ್ಲವಲ್ಲ, ಹಾಗಾಗಿ ಗಡಿಬಿಡಿ. ತಿರುವಿನಲ್ಲಿ ಉಸಿರು ಬಿಡುತ್ತಾ ಗಂಟೆಗೆ ಎಂಟು ಕಿಲೋಮೀಟರ್ ವೇಗದಲ್ಲಿ ಏರುವವನ ಪಕ್ಕದಲ್ಲೇ ಹೈಬೀಮ್ ಹಾಕಿಕೊಂಡ ಕಾರು ನುಗ್ಗುತ್ತದೆ. ನಾನು ಎರಡು ಸಲ ಏರಿದ್ದೇನೆ. ಎರಡನೇ ಸಲ ಒಂದು ಕಾರಿನ ಕನ್ನಡಿ ಮೊಣಕೈಗೆ ತಾಗಿ ಹೋಯಿತು. ಟವೆಲ್ ಒಣಹಾಕಲು ಶುರು ಮಾಡಿದ್ದು ಆಮೇಲೆ.

ಬೇರೆ ಕಡೆ ಮಾಡಿದ್ದಾರೆ. ಕೊಲಂಬಿಯಾದ ಬೊಗೊಟಾ ನಗರದಲ್ಲಿ 1974ರಿಂದ ಈ ಪದ್ಧತಿ ಇದೆ. ಭಾನುವಾರ ಬೆಳಗ್ಗೆ 7ರಿಂದ ಮಧ್ಯಾಹ್ನ 2ರವರೆಗೆ 120 ಕಿಲೋಮೀಟರ್‌ಗೂ ಜಾಸ್ತಿ ರಸ್ತೆ ಸೈಕಲ್‌ಗೆ, ನಡೆಯುವವರಿಗೆ. ಅಷ್ಟು ದೂರ ಯಾಕೆ, ನಮ್ಮ ಕಬ್ಬನ್ ಪಾರ್ಕ್ ಒಳಗೆ ಭಾನುವಾರ ಗಾಡಿ ಬಿಡುವುದಿಲ್ಲ. ಆಕಾಶವೇನೂ ಕಳಚಿ ಬಿದ್ದಿಲ್ಲ. 2020ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಕಂಬ ನೆಟ್ಟು ಸೈಕಲ್‌ಗೆ ಒಂದು ಪಟ್ಟಿ ಬಿಟ್ಟರು. ಅದರೊಳಗೆ ಬೈಕ್‌ಗಳು ನುಗ್ಗಿದವು, ಕಂಬಗಳು ಮುರಿದವು. ಪಟ್ಟಿ ಬಳಿದರೆ ಸಾಲದು, ಗೇಟ್ ಹಾಕಬೇಕು ಅಂತ ಅದರಿಂದ ತಿಳಿಯಿತು.

ನನ್ನ ಮಗಳಿಗೆ ಒಂಬತ್ತು ವರ್ಷ. ಸೈಕಲ್ ಕಲಿತಿದ್ದು ಅಪಾರ್ಟ್‌ಮೆಂಟ್ ಬೇಸ್‌ಮೆಂಟ್‌ನಲ್ಲಿ. ಕಂಬದ ಸುತ್ತ, ಪಾರ್ಕ್ ಮಾಡಿದ ಕಾರುಗಳ ನಡುವೆ, ಟ್ಯೂಬ್‌ಲೈಟ್ ಬೆಳಕಿನಲ್ಲಿ. ಒಂದು ದಿನ ಗೇಟಿನಾಚೆ ಕರೆದುಕೊಂಡು ಹೋದೆ. ಹಿಂದಿನಿಂದ ಹಾರ್ನ್ ಕೇಳಿದ್ದೇ ತಡ, ಎರಡೂ ಕಾಲು ಊರಿ ರಸ್ತೆ ಮಧ್ಯೆ ನಿಂತುಬಿಟ್ಟಳು. ‘ಅಪ್ಪಾ, ಕೆಳಗೇ ಹೋಗೋಣ’ ಅಂದಳು. ಕೆಳಗೆ ಅಂದರೆ ಬೇಸ್‌ಮೆಂಟ್. ಇವಳಿಗೆ ನಂದಿ ಏರುವ ವಯಸ್ಸಲ್ಲ, ನಿಜ. ಬುಡದ ರಸ್ತೆಯಲ್ಲಿ ತೋಟದ ಪಕ್ಕ ಎರಡು ಕಿಲೋಮೀಟರ್ ತುಳಿದರೂ ಸಾಕು.

ಸೈಕಲ್ಲನ್ನು ಕಾರಿಗೆ ಕಟ್ಟಿಕೊಂಡು ಬರುತ್ತಾರೆ ಎಂದು ನಗುವವರಿದ್ದಾರೆ. ಹೆಬ್ಬಾಳದ ಮೇಲ್ಸೇತುವೆ ಮೇಲೆ ಒಂದು ಸಲ ತುಳಿದು ನೋಡಿ, ಆಮೇಲೆ ನಗಿ. ಇನ್ನು ಊರಿನವರಿಗೆ ತೊಂದರೆ ಎನ್ನುವ ಮಾತು. ಪಾಸ್ ಕೊಟ್ಟರಾಯಿತು. ಪಾಸ್ ಯಾರು ಕೊಡಬೇಕು, ಬೆಳಗ್ಗೆ ಐದಕ್ಕೆ ಅದನ್ನು ಯಾರು ನೋಡಬೇಕು ಎನ್ನುವುದು ಅಧಿಕಾರಿಗಳು ಕೂತು ಬಗೆಹರಿಸುವ ವಿಷಯ. ಕೇಳುತ್ತಿರುವುದು ನಾಲ್ಕು ಗಂಟೆ ಮಾತ್ರ.

ವಿರೋಧ: ಗೂಡಿಗೆ ಭಾನುವಾರ ಇಲ್ಲ

ನಾನು ಸೈಕಲ್ ವಿರೋಧಿ ಅಂತ ಯಾರೂ ಅಂದುಕೊಳ್ಳಬೇಡಿ. ಎಂಟನೇ ಕ್ಲಾಸಿನವರಿಗೆ ಸರ್ಕಾರ ಸೈಕಲ್ ಕೊಡಲು ಶುರು ಮಾಡಿದ್ದು 2006-07ರಲ್ಲಿ. ನಾನು ಆ ಮೊದಲ ತಂಡದವಳು. ಹೈಸ್ಕೂಲು ನಮ್ಮೂರಿಂದ ನಾಲ್ಕು ಕಿಲೋಮೀಟರ್. ಆ ಸೈಕಲ್ ಇಲ್ಲದಿದ್ದರೆ ನನ್ನ ಓದು ಏಳಕ್ಕೇ ನಿಲ್ಲುತ್ತಿತ್ತು, ಅಕ್ಕನದು ನಿಂತ ಹಾಗೆ. ಅದಕ್ಕೂ ಮುಂಚೆ ಅಪ್ಪ ಅಟ್ಲಾಸ್ ಸೈಕಲ್‌ಗೆ ಎರಡೂ ಕಡೆ ಹಾಲಿನ ಕ್ಯಾನು ನೇತುಹಾಕಿಕೊಂಡು ಇದೇ ರಸ್ತೆಯಲ್ಲಿ ಡೈರಿಗೆ ಹೋಗುತ್ತಿದ್ದ. ಲಾರಿಗಳು ಆಗಲೂ ಇದ್ದವು. ಅಪ್ಪನಿಗೋಸ್ಕರ ರಸ್ತೆ ಮುಚ್ಚಬೇಕು ಅಂತ ಆಗ ಯಾರಿಗೂ ಅನಿಸಲಿಲ್ಲ.

ಈಗ ಬರುವ ಸೈಕಲ್‌ಗಳನ್ನು ನಮ್ಮ ಅಂಗಡಿ ಮುಂದೆ ದಿನಾ ನೋಡುತ್ತೇನೆ. ಲಕ್ಷದ ಮೇಲೆ ಬೆಲೆಯಂತೆ. ಕ್ಯಾರಿಯರ್ ಇಲ್ಲ, ಸ್ಟ್ಯಾಂಡೂ ಇಲ್ಲ. ಒರಗಿಸಲು ನಮ್ಮ ಗೋಡೆ ಬೇಕು. ನಿಲ್ಲಲು ಬಾರದ ಸೈಕಲ್‌ಗೆ ರಸ್ತೆ ಪೂರ್ತಿ ಬೇಕಂತೆ!

ಸರಿ, ತಮಾಷೆ ಬಿಡೋಣ. ಆ ನಾಲ್ಕು ಗಂಟೆಯಲ್ಲಿ ಊರಿನಲ್ಲಿ ಏನು ನಡೆಯುತ್ತದೆ ಅಂತ ಹೇಳುತ್ತೇನೆ. ಐದಕ್ಕೆ ಹಾಲು ಕರೆಯುತ್ತೇವೆ. ಆರರ ಹೊತ್ತಿಗೆ ಡೈರಿ ಮುಂದೆ ಸಾಲು, ಆಮೇಲೆ ಹಾಲಿನ ವ್ಯಾನು. ಕತ್ತಲಲ್ಲಿ ಕಿತ್ತ ಸೇವಂತಿಗೆ, ಗುಲಾಬಿ ಮೂಟೆ ಚಿಕ್ಕಬಳ್ಳಾಪುರದ ಮಾರ್ಕೆಟ್ಟಿಗೆ ಹೋಗಬೇಕು. ದ್ರಾಕ್ಷಿ ಕಾಲ ಬಂದರೆ ಕ್ರೇಟುಗಳು. ಮದುವೆ ಕಾಲದಲ್ಲಿ ಭೋಗನಂದೀಶ್ವರನ ಗುಡಿಗೆ ಬೆಳಗ್ಗೆಯೇ ದಿಬ್ಬಣ. ಭಾನುವಾರ ಬೆಳಗ್ಗೆ ಎಂದರೆ ಪೇಟೆಯವರಿಗೆ ನಿದ್ದೆ, ಇಲ್ಲವೇ ವ್ಯಾಯಾಮ. ನಮಗೆ ಅದು ವಾರದ ಭಾರಿ ಹೊತ್ತು.

ಎಲ್ಲಕ್ಕಿಂತ ಅವಸರ ರೇಷ್ಮೆಗೂಡಿಗೆ. ಹಣ್ಣಾದ ಹುಳವನ್ನು ಚಂದ್ರಿಕೆಗೆ, ಅಂದರೆ ಗೂಡು ಕಟ್ಟುವ ತಟ್ಟೆಗೆ, ಬಿಟ್ಟ ಮೇಲೆ ಐದಾರು ದಿನಕ್ಕೆ ಗೂಡು ಬಿಡಿಸಬೇಕು. ಬಿಡಿಸಿದ ಮೇಲೆ ಮನೆಯಲ್ಲಿ ಇಟ್ಟುಕೊಳ್ಳುವ ಮಾಲಲ್ಲ ಅದು. ತಡವಾದರೆ ಒಳಗಿನ ಚಿಟ್ಟೆ ಗೂಡು ಕೊರೆದು ಹೊರಬರುತ್ತದೆ. ತೂತು ಬಿದ್ದ ಗೂಡಿನಿಂದ ನೂಲು ತೆಗೆಯಲು ಬರುವುದಿಲ್ಲ. ಚೀಲದಲ್ಲಿ ಒತ್ತಿ ತುಂಬಿದರೆ, ಬಿಸಿಲಿಗೆ ನಿಲ್ಲಿಸಿದರೆ, ಒಳಗೇ ಬೆವರುತ್ತದೆ. ಬೆವರಿದ ಗೂಡನ್ನು, ಕೊಂಡು ನೂಲು ತೆಗೆಯುವ ರೀಲರುಗಳು ಕೈಯಲ್ಲಿ ಹಿಡಿದ ತಕ್ಷಣ ಗುರುತಿಸುತ್ತಾರೆ.

ಮೂರು ವರ್ಷದ ಹಿಂದೆ ಒಂದು ಭಾನುವಾರ ಏನೋ ಸೈಕಲ್ ರೇಸ್ ಅಂತ ಈ ರಸ್ತೆ ಕಟ್ಟಿದ್ದರು. ನಮ್ಮೂರಲ್ಲಿ ಯಾರಿಗೂ ಗೊತ್ತಿರಲಿಲ್ಲ. ಅಪ್ಪ, ನಾನು ಏಸ್ ಗಾಡಿಗೆ ಗೂಡು ತುಂಬಿಕೊಂಡು ಶಿಡ್ಲಘಟ್ಟದ ಮಾರುಕಟ್ಟೆಗೆ ಹೊರಟಿದ್ದೆವು. ಕ್ರಾಸ್‌ನಲ್ಲಿ ಬ್ಯಾರಿಕೇಡ್. ಕಿತ್ತಳೆ ಬಣ್ಣದ ಟೀಶರ್ಟ್ ಹಾಕಿ, ಕೊರಳಿಗೆ ಸೀಟಿ ಹಾಕಿಕೊಂಡ ಹುಡುಗ ಓಡಿ ಬಂದ.

‘ಅಂಕಲ್, ಒಂಬತ್ತು ಗಂಟೆವರೆಗೂ ವೇಟ್ ಮಾಡಿ.’

‘ಗೂಡು ಕಣಪ್ಪ. ವೇಟ್ ಮಾಡಲ್ಲ ಅದು.’

ಹುಡುಗ ಗೂಡು ಎಂದರೆ ಹಕ್ಕಿಯದು ಅಂದುಕೊಂಡನೋ ಏನೋ, ಗಾಡಿಯೊಳಗೆ ಇಣುಕಿ ನೋಡಿದ. ಒಳ್ಳೆಯವನೇ. ಯಾರಿಗೋ ಫೋನ್ ಮಾಡಿದ, ಅವರು ಇನ್ಯಾರಿಗೋ ಮಾಡಿದರು. ಅಷ್ಟರಲ್ಲಿ ಬಿಸಿಲು ಏರಿತು. ನಾನು ಟಾರ್ಪಾಲು ತೆಗೆದು ಚೀಲಗಳ ಬಾಯಿ ಬಿಚ್ಚಿಟ್ಟು, ಪೇಪರಿನಿಂದ ಗಾಳಿ ಹಾಕುತ್ತಾ ಕೂತೆ. ಪಕ್ಕದಲ್ಲಿ ಸೈಕಲ್‌ಗಳು ಸುಯ್ಯನೆ ಹೋಗುತ್ತಿದ್ದವು. ನಮಗಿಂತ ಮುಂಚೆ ಹೋಗಿದ್ದ ಪಕ್ಕದ ಮನೆಯವರ ಗೂಡಿಗೂ ನಮ್ಮ ಗೂಡಿಗೂ ಅವತ್ತು ಕೆಜಿಗೆ ಮೂವತ್ತು ರೂಪಾಯಿ ವ್ಯತ್ಯಾಸ ಆಯಿತು. ಹುಳ ಒಂದೇ, ಸೊಪ್ಪೂ ಒಂದೇ ತೋಟದ್ದು.

ಪಾಸ್ ಕೊಡುತ್ತೇವೆ ಅನ್ನುತ್ತಾರೆ, ಗೊತ್ತು. ನಮ್ಮೂರಿನ ರಸ್ತೆಯಲ್ಲಿ ನಾವು ಓಡಾಡಲು ನಮಗೆ ಪಾಸ್! ಸೊಸೆಗೆ ಹೆರಿಗೆ ನೋವು ಬಂದರೆ ಪಾಸ್ ಎಲ್ಲಿಟ್ಟೆ ಅಂತ ಹುಡುಕಬೇಕು.

ಇನ್ನೊಂದು ಮಾತು. ಸಣ್ಣವರನ್ನು ರಸ್ತೆಯಿಂದ ಪಕ್ಕಕ್ಕೆ ಸರಿಸುವುದು ಈಗ ಅಭ್ಯಾಸವೇ ಆಗಿಹೋಗಿದೆ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೋ, ಟ್ರ್ಯಾಕ್ಟರ್ ಬಿಡುವುದಿಲ್ಲ. ಜೋರಾಗಿ ಹೋಗುವವರಿಗೆ ತೊಂದರೆ ಆಗುತ್ತದಂತೆ. ಈಗ ಇಲ್ಲಿ ನಿಧಾನವಾಗಿ ಹೋಗುವವರಿಗೋಸ್ಕರ ಅದೇ ಬೈಕು, ಅದೇ ಟ್ರ್ಯಾಕ್ಟರ್ ಸರಿಯಬೇಕು. ಜೋರಾದರೂ ನಾವೇ ಸರಿಯಬೇಕು, ನಿಧಾನವಾದರೂ ನಾವೇ. ಹೈದರಾಬಾದಿನವರು 2023ರಲ್ಲಿ ಹೊರವರ್ತುಲ ರಸ್ತೆ ಪಕ್ಕ 23 ಕಿಲೋಮೀಟರ್ ಸೈಕಲ್ ದಾರಿ ಬೇರೆಯಾಗಿಯೇ ಕಟ್ಟಿದರು, ಮೇಲೆ ಸೋಲಾರ್ ಫಲಕದ ಚಾವಣಿ ಹಾಕಿ. ಯಾರ ರಸ್ತೆಯನ್ನೂ ಕಿತ್ತುಕೊಳ್ಳಲಿಲ್ಲ. ದುಡ್ಡು ಬೇಕು ಅನ್ನುತ್ತೀರಾ? ಹೌದು, ಬೇಕು. ನಮ್ಮ ಬೆಳಗು ಪುಕ್ಕಟೆ ಸಿಗುತ್ತದೆ ಅಂತ ತಾನೇ ಇತ್ತ ಬಂದಿದ್ದು?

ಕಾರಿನವರು ಸೈಕಲ್‌ನವರನ್ನು ಗುದ್ದುತ್ತಾರೆ ಅನ್ನುವುದಾದರೆ ಕಾರಿನವರನ್ನು ಹಿಡಿಯಿರಿ. ಸೂರ್ಯೋದಯದ ಕಾರುಗಳನ್ನು ಕಂಡರೆ ನನಗೂ ಆಗುವುದಿಲ್ಲ. ನಮ್ಮ ಒಂದು ನಾಯಿ, ಎರಡು ಕೋಳಿ ಅವಕ್ಕೇ ಹೋಗಿವೆ. ಕ್ಯಾಮೆರಾ ಹಾಕಿ, ದಂಡ ಹಾಕಿ. ಅದು ಬಿಟ್ಟು ಹಾಲಿನ ವ್ಯಾನು ನಿಲ್ಲಿಸಿದರೆ ಯಾರ ಮೊಣಕೈ ಉಳಿಯುತ್ತದೆ?

ಅವತ್ತು ಒಂಬತ್ತು ಗಂಟೆಗೆ ಬ್ಯಾರಿಕೇಡ್ ತೆಗೆದರು. ಆ ಹುಡುಗ ಒಂದು ಬಾಳೆಹಣ್ಣು, ಒಂದು ನೀರಿನ ಬಾಟಲ್ ತಂದು ಅಪ್ಪನ ಕೈಗೆ ಕೊಟ್ಟು ‘ಥ್ಯಾಂಕ್ಯೂ ಅಂಕಲ್, ಕೋಆಪರೇಟ್ ಮಾಡಿದ್ದಕ್ಕೆ’ ಅಂದ. ಅಪ್ಪ ಬಾಳೆಹಣ್ಣನ್ನು ಏಸ್ ಗಾಡಿ ಡ್ರೈವರ್‌ಗೆ ಕೊಟ್ಟ. ನೀರಿನಲ್ಲಿ ಟವೆಲ್ ಒದ್ದೆ ಮಾಡಿ ಟಾರ್ಪಾಲಿನ ಮೇಲೆ ಹಾಸಿದ.