ಅರೆ, ಬುರೆ, ಅರೆಬರೆ

"ಮಾವ, ಇದು ಹೇಗುಂಟು ಹೇಳಿ" ಅಂತ ಅಳಿಯ ಮೊಬೈಲ್ ಮುಂದೆ ಹಿಡಿದ. ಕಪ್ಪು ಬಿಳುಪು ಚಿತ್ರ. ಒಂದು ಬೀದಿ, ಇಲ್ಲವೇ ಒಬ್ಬಳು ಹೆಂಗಸು, ಇಲ್ಲವೇ ಗಾಳಿಗೆ ಸಿಕ್ಕ ತೆಂಗಿನಮರ. ಯಾವುದೂ ಆಗಬಹುದಿತ್ತು.

"ಕೈ ಅಲ್ಲಾಡಿದೆ" ಅಂದೆ.

"ಅಲ್ಲಾಡಿದ್ದಲ್ಲ ಮಾವ, ಬೇಕಂತಲೇ ಹಾಗೆ ತೆಗೆದದ್ದು!"

ತೆಗೆದವರು ಜಪಾನಿನ ಡೈಡೊ ಮೊರಿಯಾಮ. ಹುಟ್ಟಿದ್ದು 1938ರಲ್ಲಿ, ಹೆಸರು ಜಗತ್ತಿಗೆಲ್ಲ ಗೊತ್ತು. ಅವರ ಶೈಲಿಗೆ 'ಅರೆ, ಬುರೆ, ಬೊಕೆ' ಅನ್ನುತ್ತಾರೆ. ಅಂದರೆ ಕಾಳುಕಾಳು, ಅಲ್ಲಾಡಿದ್ದು, ಫೋಕಸ್ ತಪ್ಪಿದ್ದು. ನಮ್ಮಲ್ಲಿ ಸುಲಭವಾಗಿ 'ಅರೆಬರೆ' ಅನ್ನುತ್ತೇವೆ. ಈ ಮೂರನ್ನೂ ನಾನು ಮಲ್ಪೆ ಬೀಚಿನಲ್ಲಿ ವರ್ಷಗಟ್ಟಲೆ ಮಾಡಿದ್ದೇನೆ. ಆಗ ಅದಕ್ಕಿದ್ದ ಹೆಸರು 'ರೀಲು ದಂಡ'.

ಅಳಿಯ ಪಾಠ ಶುರು ಮಾಡಿದ. 1968ರಲ್ಲಿ ಟೋಕಿಯೊದಲ್ಲಿ 'ಪ್ರೊವೋಕ್' ಅಂತ ಸಣ್ಣ ಪತ್ರಿಕೆ ಹೊರಟಿತು. ಎರಡನೇ ಸಂಚಿಕೆಗೆ ಮೊರಿಯಾಮ ಸೇರಿದರು. ಮೂರನೆಯದಕ್ಕೆ ಪತ್ರಿಕೆಯೇ ನಿಂತಿತು. (ನನಗೇನೂ ಆಶ್ಚರ್ಯ ಆಗಲಿಲ್ಲ.) ಜಾಹೀರಾತಿನ ನುಣುಪು ಚಿತ್ರಗಳೆಲ್ಲ ಸುಳ್ಳು, ಬದುಕು ಇರುವುದೇ ಅಸ್ತವ್ಯಸ್ತ ಅಂತ ಅಳಿಯನ ವಾದ.

ಬದುಕು ಅಸ್ತವ್ಯಸ್ತ ಅಂತ ನನಗೂ ಗೊತ್ತುಂಟು. ಫೋಟೋದಲ್ಲಾದರೂ ನೆಟ್ಟಗಿರಲಿ ಅನ್ನುವುದು ಅದಕ್ಕೇ ಅಲ್ವಾ?

ಉಡುಪಿಯಲ್ಲಿ ನೆಟ್ಟಗಿನ ಫೋಟೋ ತೆಗೆಯುವುದೇನು ಸುಮ್ನೆ ಮಾತಾ? ಜೂನ್ ಬಂದರೆ ಲೆನ್ಸಿಗೆ ಫಂಗಸ್. ಕ್ಯಾಮೆರಾವನ್ನು ಡಬ್ಬದಲ್ಲಿ ಸಿಲಿಕಾ ಜೆಲ್ ಜೊತೆ ಬಾಣಂತಿಯ ಹಾಗೆ ಬೆಚ್ಚಗಿಟ್ಟೆ. ಪರ್ಯಾಯದ ದಿನ ರಥಬೀದಿಯ ನೂಕಾಟದಲ್ಲಿ, ಯಾರದೋ ಮೊಣಕೈ ಪಕ್ಕೆಗೆ ಚುಚ್ಚುತ್ತಿದ್ದರೂ ಉಸಿರು ಬಿಗಿಹಿಡಿದು ಕ್ಲಿಕ್ ಮಾಡಿದೆ. ಆ ಉಸಿರನ್ನೆಲ್ಲ ಈಗ ಯಾರು ವಾಪಸ್ ಕೊಡುತ್ತಾರೆ?

ಮೊರಿಯಾಮರ ಒಂದು ಚಿತ್ರ ಮಾತ್ರ ಒಪ್ಪಿದೆ. 1971ರಲ್ಲಿ ಮಿಸಾವಾ ಎಂಬಲ್ಲಿ ತೆಗೆದ ಬೀದಿನಾಯಿ. ಬೂತಾಯಿ ಚೀಲ ಹಿಡಿದು ಮೀನು ಮಾರ್ಕೆಟಿನಿಂದ ಹೊರಟಾಗ ನಾಯಿಯೊಂದು ತಿರುಗಿ ನೋಡುತ್ತದಲ್ಲ, ಥೇಟ್ ಅದೇ ನೋಟ. ಆದರೆ ಅದರಲ್ಲಿ ನಾಯಿಯ ಮುಖ ಸರಿಯಾಗಿ ಕಾಣುತ್ತದೆ, ಗಮನಿಸಿ.

ಹೊಟ್ಟೆ ಉರಿದದ್ದು ಮುಂದಿನ ಸುದ್ದಿಗೆ. ಗೀರು ಬಿದ್ದ, ಬಿಸಾಡಬೇಕಾದ ನೆಗೆಟಿವ್‌ಗಳನ್ನೆಲ್ಲ ಹೆಕ್ಕಿ 1972ರಲ್ಲಿ ಅವರು ಒಂದು ಪುಸ್ತಕವನ್ನೇ ಮಾಡಿದರಂತೆ! ನನ್ನ ಕತೆ ಕೇಳಿ. ಜಡಿಮಳೆಯ ಒಂದು ಆಟಿ ತಿಂಗಳಲ್ಲಿ ಕಪಾಟು ತೆರೆದರೆ ನೆಗೆಟಿವ್‌ಗಳೆಲ್ಲ ಬೂಷ್ಟು ಹಿಡಿದು, ಒಂದಕ್ಕೊಂದು ಅಂಟಿ, ಒಣಗದ ಹಲಸಿನ ಹಪ್ಪಳದ ಕಟ್ಟಿನಂತಾಗಿದ್ದವು. ಅಷ್ಟನ್ನೂ ಬಚ್ಚಲಿನ ಹಂಡೆ ಒಲೆಗೆ ತುರುಕಿದೆ. ನನ್ನ ಪುಸ್ತಕದ ಬಿಸಿಗೆ ಅವತ್ತು ಮನೆಯಲ್ಲಿ ಮೂವರು ಸ್ನಾನ ಮಾಡಿದರು.

"2019ರಲ್ಲಿ ಅವರಿಗೆ ಹ್ಯಾಸೆಲ್‌ಬ್ಲಾಡ್ ಪ್ರಶಸ್ತಿಯೂ ಬಂತು" ಅಂತ ಅಳಿಯ ಗಾಯಕ್ಕೆ ಉಪ್ಪು ಸವರಿದ. ಹ್ಯಾಸೆಲ್‌ಬ್ಲಾಡ್! ಚಂದ್ರನ ಮೇಲೆ ಹೋದರೂ ಸ್ಪಷ್ಟ ಚಿತ್ರ ಕೊಟ್ಟ ಕ್ಯಾಮೆರಾದ ಹೆಸರಲ್ಲಿ!

ಒಳಗಿನಿಂದ ಅಕ್ಕ ಬಂದಳು. "ಎಂತದ್ದು ಮಾರಾಯ ಗಲಾಟೆ? ಅಲ್ಲಾಡಿದ ಫೋಟೋವಾ? ನನ್ನ ಧಾರೆಯಲ್ಲಿ ನಿನ್ನ ಮಾವ ತೆಗೆದದ್ದು ಅದೇ ಅಲ್ವಾ" ಅಂದವಳೇ ಕೋಣೆಯಿಂದ ಹಳೆಯ ಆಲ್ಬಮ್ ತಂದಳು. ಆ ದಿನ ಫ್ಲ್ಯಾಷಿನ ಸೆಲ್ ಹೋಗಿತ್ತು. ಇದನ್ನು ನಾನು ಅಂದಿನಿಂದ ಹೇಳುತ್ತಲೇ ಇದ್ದೇನೆ, ಅವಳು ಕೇಳುತ್ತಲೇ ಇಲ್ಲ.

ಅಳಿಯ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದ. ಹೊಗೆ, ಕಾಳು, ನೆರಳು. ತುಂಬ ಹೊತ್ತು ನೋಡಿದ.

"ಸೂಪರ್ ಮಾವ! ಮೊರಿಯಾಮ ಇದ್ದ ಹಾಗೇ ಉಂಟು. ಅಪ್ಪನ ಮುಖದಲ್ಲಿ ಎಂಥ ಭಾವ ನೋಡಿ!"

ಅಕ್ಕ ಬಗ್ಗಿ ನೋಡಿದಳು.

"ಅದು ಅಪ್ಪ ಅಲ್ಲ ಮಗಾ, ಭಟ್ರು."