ದೇಣಿಗೆ ಹಣದ ತನಿಖಾ ಪತ್ರಿಕೋದ್ಯಮ ನಮ್ಮ ಜಿಲ್ಲೆಗಳಿಗೆ ಬೇಕೇ?

ಜಾಹೀರಾತಿಲ್ಲದೆ, ಲಾಭದ ಆಸೆಯಿಲ್ಲದೆ, ದಾನಿಗಳ ಹಣದಲ್ಲಿ ನಡೆಯುವ ತನಿಖಾ ಸುದ್ದಿಸಂಸ್ಥೆಗಳು ಈಗ ದೇಶವಿದೇಶಗಳಲ್ಲಿವೆ. ಹಾಸನ, ಚಿಕ್ಕಮಗಳೂರಿನ ಕಡತಗಳನ್ನೂ ಇಂಥ ಸಂಸ್ಥೆಗಳೇ ಬಿಚ್ಚಬೇಕೇ? ಬೇಕು ಎನ್ನುವವರು ಸಕಲೇಶಪುರದ ಒಬ್ಬ ಸಣ್ಣ ಕಾಫಿ ಬೆಳೆಗಾರರು. ಬೇಡ ಎನ್ನುವವರು ಮೂಡಿಗೆರೆಯಲ್ಲಿ 14 ವರ್ಷ ವರದಿಗಾರಿಕೆ ಮಾಡಿದ ಒಬ್ಬರು.

ಪರ: ಕೂತು ಓದುವವರಿಗೆ ಸಂಬಳ ಬೇಕು

ನಮ್ಮ ತಾಲ್ಲೂಕಿನ ದೊಡ್ಡನಗರದಲ್ಲಿ 2024ರ ಸೆಪ್ಟೆಂಬರ್ 6ರಂದು, ಗೌರಿ ಹಬ್ಬದ ದಿನ, ಪಶ್ಚಿಮ ಘಟ್ಟದ ನೀರನ್ನು ಬಯಲುಸೀಮೆಗೆ ಒಯ್ಯುವ ಎತ್ತಿನಹೊಳೆ ಯೋಜನೆಯ ಮೊದಲ ಹಂತಕ್ಕೆ ಚಾಲನೆ ಸಿಕ್ಕಿತು. 2012ರಲ್ಲಿ ಈ ಯೋಜನೆಗೆ 8,323 ಕೋಟಿ ರೂಪಾಯಿ ಸಾಕು ಎಂದಿದ್ದರು. 2014ಕ್ಕೆ ಅದು 12,912 ಕೋಟಿ ಆಯಿತು. 2023ರಲ್ಲಿ 23,251 ಕೋಟಿ. ಹತ್ತು ವರ್ಷದಲ್ಲಿ ಹೆಚ್ಚುಕಡಿಮೆ ಮೂರು ಪಟ್ಟು.

ಖರ್ಚು ಏರಿದ್ದಕ್ಕೆ ಕಾರಣ ಇರುತ್ತದೆ. ನ್ಯಾಯವಾದ ಕಾರಣವೇ ಇರಬಹುದು. ನನ್ನ ಪ್ರಶ್ನೆ ಬೇರೆ. ಆ ಟೆಂಡರು, ಆ ಪರಿಷ್ಕೃತ ಅಂದಾಜು, ಆ ಸರ್ಕಾರಿ ಆದೇಶ, ಇವನ್ನೆಲ್ಲ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದುವುದೇ ಕೆಲಸ ಎಂದು ಸಂಬಳ ಪಡೆಯುವವರು ನಮ್ಮ ಜಿಲ್ಲೆಯಲ್ಲಿ ಎಷ್ಟು ಜನ? ನನಗೆ ಒಬ್ಬರೂ ಗೊತ್ತಿಲ್ಲ.

ವರದಿಗಾರರನ್ನು ದೂರುತ್ತಿಲ್ಲ. ಅವರ ಪಾಡು ಕಣ್ಣಾರೆ ಕಂಡಿದ್ದೇನೆ. ಮೂರು ವರ್ಷದ ಹಿಂದೆ ನಮ್ಮ ಊರಿನ ದಾರಿಗೆ 'ಕಾಮಗಾರಿ ಮುಗಿದಿದೆ' ಎಂಬ ಬೋರ್ಡು ಬಂತು. ದಾರಿ ಮಾತ್ರ ಮೊದಲಿನಂತೆಯೇ ಇತ್ತು. ಮಳೆಗಾಲದಲ್ಲಿ ಕಾಫಿ ಮೂಟೆ ಹೊತ್ತ ಜೀಪು ಅಲ್ಲೇ ಹೂತಿತು. ಪರಿಚಯದ ವರದಿಗಾರರಿಗೆ ಬೋರ್ಡಿನ ಫೋಟೋ ಕಳಿಸಿದೆ. ಅವರು ನಿಜವನ್ನೇ ಹೇಳಿದರು: ಆ ಗುತ್ತಿಗೆದಾರ ರಾಜ್ಯೋತ್ಸವ ಪುರವಣಿಗೆ ಅರ್ಧ ಪುಟ ಜಾಹೀರಾತು ಕೊಡುವವನು, ಆ ಜಾಹೀರಾತು ತರಬೇಕಾದವರೂ ಅವರೇ. ಒಬ್ಬನ ಹತ್ತಿರ ಬೆಳಿಗ್ಗೆ ಜಾಹೀರಾತು ಕೇಳಿ, ಸಂಜೆ ಅವನದೇ ಬಿಲ್ಲು ಕೇಳುವುದು ಯಾರಿಂದ ಆಗುತ್ತದೆ?

ಆರ್‌ಟಿಐ ಹಾಕಿ ಎನ್ನುತ್ತಾರೆ. ಹಾಕಿದೆ. ಅರ್ಜಿಗೆ ಹತ್ತು ರೂಪಾಯಿ, ಉತ್ತರಕ್ಕೆ 30 ದಿನ. ಉತ್ತರ ಬಾರದಿದ್ದರೆ ಮೇಲ್ಮನವಿ, ಅದೂ ಆಗದಿದ್ದರೆ ಮಾಹಿತಿ ಆಯೋಗ. ಕಾಫಿ ಕೊಯ್ಲಿನ ಕಾಲದಲ್ಲಿ ಕಚೇರಿ ಅಲೆಯುವುದು ನನ್ನಿಂದ ಆಗಲಿಲ್ಲ.

ಬೇರೆ ಕಡೆ ಇದಕ್ಕೊಂದು ದಾರಿ ಕಂಡುಕೊಂಡಿದ್ದಾರೆ. ದೇಣಿಗೆಯಲ್ಲಿ ನಡೆಯುವ ಅಮೆರಿಕದ ಸುದ್ದಿಸಂಸ್ಥೆ ಪ್ರೊಪಬ್ಲಿಕಾ 2008ರಲ್ಲಿ ವರದಿ ಪ್ರಕಟಿಸಲು ಶುರುಮಾಡಿತು. ಕತ್ರಿನಾ ಚಂಡಮಾರುತದ ನೀರಿನಲ್ಲಿ ಸಿಕ್ಕಿಕೊಂಡ ಒಂದು ಆಸ್ಪತ್ರೆಯಲ್ಲಿ ರೋಗಿಗಳಿಗೆ ಏನಾಯಿತು ಎಂಬ ಒಂದೇ ವರದಿಗೆ ಅದರ ವರದಿಗಾರ್ತಿ ಎರಡು ವರ್ಷಕ್ಕೂ ಜಾಸ್ತಿ ಹಿಡಿದರು. ಆ ವರದಿಗೆ 2010ರಲ್ಲಿ ಅಮೆರಿಕದ ದೊಡ್ಡ ಪತ್ರಿಕೋದ್ಯಮ ಪ್ರಶಸ್ತಿ ಪುಲಿಟ್ಜರ್ ಬಂತು. ಆನ್‌ಲೈನ್ ಸುದ್ದಿಸಂಸ್ಥೆಯೊಂದಕ್ಕೆ ಆ ಪ್ರಶಸ್ತಿ ಸಿಕ್ಕಿದ್ದು ಅದೇ ಮೊದಲು. ಪ್ರಶಸ್ತಿ ಇರಲಿ, ನನಗೆ ಆಸೆ ಹುಟ್ಟಿಸುವುದು ಆ ಎರಡು ವರ್ಷ. ಇನ್ನೊಂದು ಮಾತು: ಅವರ ಬಹುಪಾಲು ವರದಿಗಳನ್ನು ಯಾವ ಪತ್ರಿಕೆಯಾದರೂ ದುಡ್ಡು ಕೊಡದೆ ಮತ್ತೆ ಅಚ್ಚು ಹಾಕಬಹುದು. ಹಾಸನದ ನಾಲ್ಕು ಪುಟದ ದಿನಪತ್ರಿಕೆಗೆ ಅಂಥ ಒಂದು ವರದಿ ಪುಕ್ಕಟೆ ಸಿಕ್ಕರೆ ಎಷ್ಟು ಬಲ ಬರುತ್ತದೆ, ಅಲ್ವಾ?

ಜೊತೆಗೂಡಿ ದುಡಿಯುವುದನ್ನೂ ಇಂಥವರೇ ತೋರಿಸಿದ್ದು. ಹಲವು ದೇಶಗಳ ತನಿಖಾ ಪತ್ರಕರ್ತರ ಕೂಟವಾದ ಐಸಿಐಜೆ 2016ರ ಏಪ್ರಿಲ್‌ನಲ್ಲಿ, ಸಿರಿವಂತರು ಹೊರದೇಶದ ಕಂಪನಿಗಳಲ್ಲಿ ಬಚ್ಚಿಟ್ಟ ಹಣದ ಬಗೆಗಿನ ಪನಾಮಾ ಪೇಪರ್ಸ್ ಹೊರತಂದಾಗ ಕೈಯಲ್ಲಿದ್ದದ್ದು 1 ಕೋಟಿ 15 ಲಕ್ಷ ಕಡತ. ನೂರಕ್ಕೂ ಹೆಚ್ಚು ಮಾಧ್ಯಮ ಸಂಸ್ಥೆಗಳು ಹಂಚಿಕೊಂಡು ಓದಿದವು. ಐಸ್‌ಲ್ಯಾಂಡಿನ ಪ್ರಧಾನಿ ಕೆಲವೇ ದಿನಗಳಲ್ಲಿ ಕುರ್ಚಿ ಬಿಟ್ಟರು. ನಮ್ಮಲ್ಲಿ ಆಲೂರಿನ ಕಾಡಿನಿಂದ ಹೊರಟ ಆನೆ ಬೇಲೂರು ದಾಟಿ ಮೂಡಿಗೆರೆಗೆ ಹೋಗುತ್ತದೆ. ಪತ್ರಿಕೆಯ ಜಿಲ್ಲಾ ಪುಟ ಮಾತ್ರ ಗಡಿಯಲ್ಲೇ ನಿಂತುಬಿಡುತ್ತದೆ. ಎರಡೂ ಜಿಲ್ಲೆಗಳ ಬೆಳೆ ಪರಿಹಾರದ ಕಡತಗಳನ್ನು ಒಂದೇ ಮೇಜಿನ ಮೇಲೆ ಇಟ್ಟು ಓದುವವರು ಬೇಕು. ಅದಕ್ಕೆ ಯಾವ ಜಾಹೀರಾತುದಾರನೂ ದುಡ್ಡು ಕೊಡುವುದಿಲ್ಲ.

ದಾನಿಯ ಹಿಡಿತದ ಭಯ ನನಗೂ ಇದೆ. ಯಾರು ಎಷ್ಟು ಕೊಟ್ಟರು ಎಂದು ಸಂಸ್ಥೆ ಪ್ರಕಟಿಸಲಿ. ಅರ್ಧ ಪುಟ ಜಾಹೀರಾತಿಗೆ ಗುತ್ತಿಗೆದಾರ ಎಷ್ಟು ಕೊಟ್ಟ ಎಂದು ಇವತ್ತು ಯಾರು ಹೇಳುತ್ತಾರೆ?

ವಿರೋಧ: ಅವರು ಹೋಗುತ್ತಾರೆ, ನಾವು ಇಲ್ಲೇ ಇರುತ್ತೇವೆ

ಪುರವಣಿಗೆ ಜಾಹೀರಾತು ಕೇಳಿಕೊಂಡು ಅಲೆದವನು ನಾನೂ ಹೌದು. ಆ ಬೆಳೆಗಾರರು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಆದರೂ ಅವರು ಹೇಳುವ ಮದ್ದು ನನಗೆ ಒಪ್ಪಿಗೆಯಿಲ್ಲ.

ಕೆಲವು ವರ್ಷಗಳ ಹಿಂದೆ ದೇಣಿಗೆಯಲ್ಲಿ ನಡೆಯುವ ಒಂದು ಸಂಸ್ಥೆಯ ತಂಡ ಬೆಂಗಳೂರಿನಿಂದ ಬಂತು. ಕಂದಾಯ ಜಮೀನಿನ ಒಂದು ಅವ್ಯವಹಾರ ಅವರ ವಿಷಯ. ಒಳ್ಳೆಯ ಹುಡುಗರು, ಶ್ರದ್ಧೆಯಿಂದ ದುಡಿದರು. ಮೂರು ದಿನ ನನ್ನ ಬೈಕಿನಲ್ಲಿ ಸುತ್ತಿಸಿದೆ. ಯಾವ ಪಹಣಿ ತೆಗೆಸಬೇಕು, ಯಾರ ಮನೆ ಬಾಗಿಲು ತಟ್ಟಬೇಕು, ಎಲ್ಲ ಹೇಳಿದೆ. ವರದಿ ಇಂಗ್ಲಿಷಿನಲ್ಲಿ ಬಂತು. ಅದರಲ್ಲಿ ನನ್ನ ಹೆಸರಿರಲಿಲ್ಲ. ಆದರೆ ಅವರ ಜೊತೆ ನನ್ನನ್ನು ಊರೆಲ್ಲ ನೋಡಿತ್ತು. ಸಿಟ್ಟು ಬಂದದ್ದು ನನ್ನ ಮನೆ ಬಾಗಿಲಿಗೆ. ಎರಡು ತಿಂಗಳು ನನ್ನ ಹೆಂಡತಿ ಸಂತೆಗೆ ಒಬ್ಬಳೇ ಹೋಗಲಿಲ್ಲ. ಆ ವರದಿಯನ್ನು ಜಮೀನು ಕಳೆದುಕೊಂಡವರಲ್ಲಿ ಯಾರೂ ಓದಲಿಲ್ಲ, ಓದಲು ಬರುತ್ತಿರಲಿಲ್ಲ. ಇದನ್ನು ನೆನೆದರೆ ಈಗಲೂ ಸಂಕಟವಾಗುತ್ತದೆ.

ಇದು ಆ ಹುಡುಗರ ತಪ್ಪಲ್ಲ, ವ್ಯವಸ್ಥೆಯೇ ಹಾಗೆ. ಹಣ ದೂರದಿಂದ ಬಂದರೆ ಲೆಕ್ಕ ಒಪ್ಪಿಸುವುದೂ ದೂರಕ್ಕೇ. ಪ್ರೊಪಬ್ಲಿಕಾ ನೆಲೆ ಕಂಡದ್ದು ಹೇಗೆ? ಸ್ಯಾಂಡ್ಲರ್ ಎಂಬ ಒಂದು ಶ್ರೀಮಂತ ಕುಟುಂಬ ವರ್ಷಕ್ಕೆ ಕೋಟಿ ಡಾಲರ್‌ವರೆಗೆ ಕೊಡಲು ಒಪ್ಪಿತ್ತು. ನಮ್ಮಲ್ಲಿ ಅಂಥ ಮನೆ ಯಾವುದು? ಇದ್ದರೂ ಅದು ಎಸ್ಟೇಟು ಇರುವ ಮನೆಯೇ ಆಗಿರುತ್ತದೆ. ಎಸ್ಟೇಟಿನ ಒತ್ತುವರಿ ಬಗ್ಗೆ ಆಗ ಯಾರು ಬರೆಯುತ್ತಾರೆ? ಐಸಿಐಜೆ ಹುಟ್ಟಿದ್ದು 1997ರಲ್ಲಿ, ಸೆಂಟರ್ ಫಾರ್ ಪಬ್ಲಿಕ್ ಇಂಟೆಗ್ರಿಟಿ ಎಂಬ ಸಂಸ್ಥೆಯ ಮಡಿಲಲ್ಲಿ. ಆ ತಾಯಿ ಸಂಸ್ಥೆಯೇ 2024ರಲ್ಲಿ ದುಡ್ಡಿಲ್ಲದೆ ನೌಕರರನ್ನು ಮನೆಗೆ ಕಳಿಸಬೇಕಾಯಿತು. ಅಮೆರಿಕದಲ್ಲೇ ಹೀಗಾದರೆ ಕೊಪ್ಪ, ಕಡೂರಿನಲ್ಲಿ ಹೇಗೆ?

ನಮ್ಮ ದೇಶದಲ್ಲಿ ಇನ್ನೊಂದು ಅಪಾಯವಿದೆ. ಇಂಥ ಮಾಧ್ಯಮಗಳಿಗೆ ನೆರವು ಕೊಡುವ ಬೆಂಗಳೂರಿನ ಪ್ರತಿಷ್ಠಾನವೊಂದರ ಮೇಲೆ 2022ರ ಸೆಪ್ಟೆಂಬರ್‌ನಲ್ಲಿ ಆದಾಯ ತೆರಿಗೆ ಇಲಾಖೆ ಸರ್ವೆ, ಅಂದರೆ ಕಚೇರಿಗೇ ಬಂದು ಲೆಕ್ಕಪತ್ರದ ತಪಾಸಣೆ, ನಡೆಸಿತು. 2025ರ ಜನವರಿಯಲ್ಲಿ ತನಿಖಾ ವರದಿಗಳ ರಿಪೋರ್ಟರ್ಸ್ ಕಲೆಕ್ಟಿವ್ ಸಂಸ್ಥೆ, ತೆರಿಗೆ ವಿನಾಯಿತಿ ಕೊಡಿಸುವ ತನ್ನ ಲಾಭರಹಿತ ಮಾನ್ಯತೆ ರದ್ದಾಗಿದೆ ಎಂದು ತಿಳಿಸಿತು. ಸರ್ಕಾರಿ ದಾಖಲೆ ಹಿಡಿದು ಕನ್ನಡದಲ್ಲೇ ಬರೆಯುವ 'ದಿ ಫೈಲ್'ಗೂ ಅದರ ಆಸುಪಾಸಿನಲ್ಲೇ ಅದೇ ಪೆಟ್ಟು ಬಿತ್ತು. ತೆರಿಗೆ ಕಾನೂನಿನ ದಾನಧರ್ಮದ ಪಟ್ಟಿಯಲ್ಲಿ ಶಿಕ್ಷಣ ಇದೆ, ವೈದ್ಯಕೀಯ ನೆರವು ಇದೆ, ಯೋಗವೂ ಇದೆ. ಪತ್ರಿಕೋದ್ಯಮದ ಹೆಸರಿಲ್ಲ. ಅದು 'ಸಾರ್ವಜನಿಕ ಉಪಯೋಗದ ಇತರ ಕೆಲಸ'ದೊಳಗೆ ಬರುತ್ತದೆಯೇ ಎಂದು ತೀರ್ಮಾನಿಸುವವನು ಒಬ್ಬ ಅಧಿಕಾರಿ. ಈ ಆದೇಶಗಳು ಅನ್ಯಾಯ ಎಂದೇ ನಾನು ನಂಬಿದ್ದೇನೆ. ಆದರೆ ಒಂದು ಆದೇಶಕ್ಕೆ ಅಲ್ಲಾಡುವ ಕಂಬಕ್ಕೆ ನಮ್ಮ ಎರಡು ಜಿಲ್ಲೆಗಳ ಭಾರ ಹೊರಿಸುವುದು ಬೇಡ.

ದೊಡ್ಡ ಸತ್ಯಗಳು ಇಲ್ಲಿ ಬೇರೆ ದಾರಿಯಲ್ಲೂ ಹೊರಬಂದಿವೆ. ನಮ್ಮ ಕುದುರೆಮುಖದ ಗಣಿ 2005ರ ಕೊನೆಗೆ ನಿಂತದ್ದು ಸುಪ್ರೀಂ ಕೋರ್ಟಿನ 2002ರ ಆದೇಶದಿಂದ. ಬಳ್ಳಾರಿಯ ಅಕ್ರಮ ಗಣಿಗಾರಿಕೆಯ ಲೆಕ್ಕ 2011ರ ಲೋಕಾಯುಕ್ತ ವರದಿಯಲ್ಲಿತ್ತು. ದಾಖಲೆ ತರಿಸುವ ಅಧಿಕಾರ ಕೋರ್ಟಿಗೂ ಲೋಕಾಯುಕ್ತರಿಗೂ ಇತ್ತು, ಯಾವ ವರದಿಗಾರನಿಗೂ ಅದಿಲ್ಲ.

ಹಾಗಾದರೆ ರಸ್ತೆಯ ಬೋರ್ಡಿನ ಬಗ್ಗೆ ಬರೆಯುವವರು ಯಾರು? ನಮ್ಮವರೇ, ನಮ್ಮ ದುಡ್ಡಿನಲ್ಲೇ. ಕನ್ನಡಕ್ಕೆ ಇದು ಹೊಸದಲ್ಲ. 1980ರಲ್ಲಿ ಶುರುವಾದ ಲಂಕೇಶ್ ಪತ್ರಿಕೆ ಜಾಹೀರಾತು ತೆಗೆದುಕೊಳ್ಳಲಿಲ್ಲ, ದೇಣಿಗೆಯ ಟ್ರಸ್ಟನ್ನೂ ನೆಚ್ಚಲಿಲ್ಲ. ಓದುಗರು ಪ್ರತಿ ಕೊಂಡರು, ಪತ್ರಿಕೆ ನಡೆಯಿತು. 2011ರ ಜನಗಣತಿ ಪ್ರಕಾರ ಹಾಸನದಲ್ಲಿ 17.76 ಲಕ್ಷ ಜನ, ಚಿಕ್ಕಮಗಳೂರಿನಲ್ಲಿ 11.38 ಲಕ್ಷ. ಸಾವಿರಕ್ಕೆ ಒಬ್ಬರು ಸಿಕ್ಕರೂ ಸುಮಾರು ಮೂರು ಸಾವಿರ ಚಂದಾದಾರರು. ತಿಂಗಳಿಗೆ ನೂರು ರೂಪಾಯಿ ಕೊಟ್ಟರೆ ಮೂರು ಲಕ್ಷ. ಅದರಲ್ಲಿ ಮೂವರು ವರದಿಗಾರರು, ಒಬ್ಬ ವಕೀಲರು. ಸುಮ್ನೆ ಹೇಳುತ್ತಿಲ್ಲ, ಈ ಲೆಕ್ಕವನ್ನು ರಾತ್ರಿ ಕೂತು ಎಷ್ಟೋ ಸಲ ಹಾಕಿದ್ದೇನೆ.

ಆಗ ಮೂಡಿಗೆರೆ ಸಂತೆಯಲ್ಲಿ ಆ ಮೂರು ಸಾವಿರದಲ್ಲಿ ಒಬ್ಬರು ನನ್ನನ್ನು ತಡೆದು ಕೇಳಬಹುದು: "ಏನ್ರೀ, ನಮ್ಮ ರಸ್ತೆ ಬಿಲ್ಲಿನ ಸುದ್ದಿ ಎಲ್ಲಿಗೆ ಬಂತು?"