ಮೂಗುಬಟ್ಟು ತಿರುಗಿಸೋದು ಬೇಡ

ಮೂಗು ಚುಚ್ಚಿಸಿಕೊಳ್ಳುವ ಬಗ್ಗೆ ನೀವು ಬರೆದ ಲೇಖನ ಚೆನ್ನಾಗಿದೆ. ಆದರೆ ಹೊಸದಾಗಿ ಮೂಗು ಚುಚ್ಚಿಸಿಕೊಂಡವರು ದಿನಾ ಕೊಬ್ಬರಿ ಎಣ್ಣೆ, ಅರಿಶಿನ ಹಚ್ಚಿ ಬಟ್ಟನ್ನು ತಿರುಗಿಸುತ್ತಿರಬೇಕು ಅಂದಿದ್ದೀರಲ್ಲ, ಅದಕ್ಕೆ ನನ್ನ ತಕರಾರಿದೆ. ನಮ್ಮಮ್ಮನೂ ಹೀಗೇ ಹೇಳಿದ್ದರು, ನಾನೂ ಶ್ರದ್ಧೆಯಿಂದ ಮಾಡಿದೆ. ಮೂರನೇ ವಾರಕ್ಕೆ ಬಟ್ಟಿನ ಪಕ್ಕದಲ್ಲೇ ಕೆಂಪು ಗುಳ್ಳೆ! ತಿರುಗಿಸಿದಾಗಲೆಲ್ಲ ಒಣಗಿದ ಹಕ್ಕಳೆ ತೂತಿನೊಳಗೆ ಹೋಗಿ, ಆಗಷ್ಟೇ ಕೂಡುತ್ತಿರುವ ಎಳೆ ಚರ್ಮವನ್ನು ಹರಿಯುತ್ತದೆ. ಎಣ್ಣೆಗೆ ಧೂಳು ಅಂಟೋದು ಬೇರೆ. ಚರ್ಮದ ಡಾಕ್ಟರು ಹೇಳಿದ್ದು ಇಷ್ಟೇ: ಕೈ ತೊಳೆಯದೆ ಮುಟ್ಟಬೇಡ, ದಿನಕ್ಕೆರಡು ಸಲ ಶುದ್ಧ ಉಪ್ಪುನೀರಿನಲ್ಲಿ, ಅಂದರೆ 0.9% ಸಲೈನ್‌ನಲ್ಲಿ ಮೆಲ್ಲಗೆ ಒರೆಸು, ಉಳಿದಂತೆ ಅದರ ಪಾಡಿಗೆ ಬಿಡು. ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಕೂಡ ಬೇಡವಂತೆ, ಮಾಯುವ ಚರ್ಮವನ್ನೇ ಸುಡುತ್ತವೆ.

ಮಾಯೋದಕ್ಕೆ ಹಿಡಿಯುವ ಕಾಲ ಮಾತ್ರ ಎಲ್ಲಕ್ಕೂ ಒಂದೇ ಅಲ್ಲ. ಕಿವಿಯ ಹಾಲೆಗೆ 6ರಿಂದ 8 ವಾರ ಸಾಕು, ಮೂಗಿಗೆ 4ರಿಂದ 6 ತಿಂಗಳು, ಕಿವಿಯ ಮೇಲ್ಭಾಗದ ಗಟ್ಟಿ ಜಾಗಕ್ಕೆ ಒಂದು ವರ್ಷವೂ ಆಗಬಹುದು. ಹೊರಗೆ ಒಣಗಿದ ಹಾಗೆ ಕಂಡರೂ ಒಳಗೆ ಹಸಿಯೇ ಇರುತ್ತೆ. ಮದುವೆಗೆ ವಾರ ಇರುವಾಗ ಚುಚ್ಚಿಸಿಕೊಂಡು ಮುತ್ತಿನ ನತ್ತು ಏರಿಸುವವರೇ, ಚುಚ್ಚದೆಯೇ ಒತ್ತಿ ಹಾಕುವ ನತ್ತು ಸಿಗುತ್ತಲ್ಲ!

ಕೀವು ಬಂದರೆ ಗಾಬರಿಯಲ್ಲಿ ಬಟ್ಟು ಕಿತ್ತುಹಾಕಬೇಡಿ. ತೂತು ಮುಚ್ಚಿಕೊಂಡು ಕೀವು ಒಳಗೇ ನಿಲ್ಲಬಹುದು. ಕಿವಿಯ ಮೇಲ್ಭಾಗ ಊದಿ ಬಿಸಿಯಾದರೆ, ಜ್ವರ ಬಂದರೆ, ಅವತ್ತೇ ಡಾಕ್ಟರ ಹತ್ತಿರ ಹೋಗಿ.